ಹೆಸರಿಲ್ಲದ ರೋಗ, ಕುಂದದ ಧೈರ್ಯ: ಲೈಮ್ ರೋಗದ ಶೋಧದ ಇತಿಹಾಸ

ರೋಗಿಯನ್ನು ಪರೀಕ್ಷಿಸಲು ಭಾರತೀಯ ವೈದ್ಯಶಾಸ್ತ್ರವು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ಹೇಳಿದೆ. ವೈದ್ಯನು ರೋಗಿಯನ್ನು ಕಣ್ಣಿನಿಂದ ನೋಡಬೇಕು, ಕೈಯಿಂದ ಮುಟ್ಟಬೇಕು, ಬಾಯಿಯಿಂದ ಕೇಳಬೇಕು. ಮೊದಲ ಎರಡು ಪರೀಕ್ಷೆಗಳಲ್ಲಿ ವೈದ್ಯನಿಗೇ ಪ್ರಾಧಾನ್ಯ. ಮೂರನೆಯದರಲ್ಲಿ ಮಾತ್ರ ರೋಗಿಯ ಮಾತಿಗೆ ಸ್ಥಾನವುಂಟು. ಆ ಮಾತು ಸತ್ಯವೂ ಸ್ಪಷ್ಟವೂ ಆಗಿರುವಂತೆ ನೋಡಿಕೊಳ್ಳುವುದು ರೋಗಿಯ ಕರ್ತವ್ಯ. ಅದನ್ನು ಪೂರ್ವಗ್ರಹವಿಲ್ಲದೆ ಆಲಿಸುವುದು ವೈದ್ಯನ ಕರ್ತವ್ಯ. ಈ ಎರಡರಲ್ಲಿ ಯಾವುದು ತಪ್ಪಿದರೂ ರೋಗನಿರ್ಣಯವು ದಾರಿ ತಪ್ಪುತ್ತದೆ.

ಆಧುನಿಕ ವೈದ್ಯವಿಜ್ಞಾನವು ದರ್ಶನ ಮತ್ತು ಸ್ಪರ್ಶನಗಳನ್ನು ಯಂತ್ರಗಳ ನೆರವಿನಿಂದ ಬಹಳ ದೂರ ಒಯ್ದಿದೆ. ದೇಹದೊಳಗಿನ ಎಲುಬನ್ನು, ರಕ್ತದೊಳಗಿನ ಕಣವನ್ನು ಇಂದು ಕಾಣಬಹುದು. ಆದರೆ ಯಂತ್ರಕ್ಕೆ ಏನೂ ಕಾಣದಿದ್ದಾಗ ಸಂದೇಹವು ಯಂತ್ರದ ಮೇಲೆ ಬೀಳುವುದು ಅಪರೂಪ. ಸಾಮಾನ್ಯವಾಗಿ ಅದು ರೋಗಿಯ ಮೇಲೆಯೇ ಬೀಳುತ್ತದೆ. ಪರೀಕ್ಷೆಗಳೆಲ್ಲ ಸರಿಯಾಗಿವೆ, ಆದುದರಿಂದ ಕಾಯಿಲೆ ಮನಸ್ಸಿನದು ಎಂಬ ತೀರ್ಮಾನವು ಸುಲಭವಾಗಿ ಹೊರಡುತ್ತದೆ. ಇಂಥ ತೀರ್ಮಾನವನ್ನು ಹಲವು ವರ್ಷ ಕೇಳಿದ ಬಳಿಕವೂ ತನ್ನ ಅನುಭವದ ಮೇಲಿನ ನಂಬಿಕೆಯನ್ನು ಕಳೆದುಕೊಳ್ಳದೆ, ಕ್ರೋಧಕ್ಕೂ ಎಡೆಗೊಡದೆ, ಸತ್ಯ ಹೊರಬೀಳುವವರೆಗೆ ಕೇಳುತ್ತಲೇ ಉಳಿದ ಒಬ್ಬ ಗೃಹಿಣಿಯ ಚರಿತ್ರೆ ಇಪ್ಪತ್ತನೆಯ ಶತಮಾನದ ವೈದ್ಯ ಇತಿಹಾಸದಲ್ಲಿದೆ. ಆಕೆ ಅಮೆರಿಕದ ಪಾಲಿ ಮರ್ರೆ.

ಆಲಿಸುವವರಿಲ್ಲದ ದಿನಚರಿ

ಪಾಲಿ ಮರ್ರೆಯವರ ಕಥೆಗೆ ಮುನ್ನ, ಅದಕ್ಕಿಂತ ಒಂದೂವರೆ ಶತಮಾನ ಹಿಂದಿನ ಮತ್ತೊಬ್ಬ ರೋಗಿಯನ್ನು ನೆನೆಯುವುದು ಉಚಿತ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗನಾದ ಅಗಸ್ಟಸ್ ಡೆಸ್ಟೆ 1794ರಲ್ಲಿ ಜನಿಸಿದನು. 1822ರ ಡಿಸೆಂಬರಿನಲ್ಲಿ ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬನನ್ನು ಕಾಣಲು ಆತನು ಸ್ಕಾಟ್ಲೆಂಡಿಗೆ ಹೋದಾಗ ಆ ಬಂಧು ತೀರಿಕೊಂಡಿದ್ದನು. ಅಂತ್ಯಕ್ರಿಯೆ ಮುಗಿದ ಕೆಲವೇ ದಿನಗಳಲ್ಲಿ ಡೆಸ್ಟೆಯ ಕಣ್ಣು ಮಂಜಾಯಿತು. ಪತ್ರಗಳನ್ನು ಬೇರೆಯವರು ಓದಿ ಹೇಳಬೇಕಾಯಿತು. ಯಾವ ಚಿಕಿತ್ಸೆಯೂ ಇಲ್ಲದೆ ದೃಷ್ಟಿ ಮರಳಿತು. 1827ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದಾಗ ಒಂದು ವಸ್ತು ಎರಡಾಗಿ ಕಾಣತೊಡಗಿತು. ಬಳಿಕ ಕಾಲುಗಳ ಬಲ ಕುಂದಿತು. ವೈದ್ಯರು ಪಿತ್ತದೋಷವೆಂದು ಭಾವಿಸಿ ಜಿಗಣೆ ಹಚ್ಚಿದರು, ರಕ್ತ ತೆಗೆದರು, ವಾಂತಿ ಮಾಡಿಸಿದರು. ರೋಗವು ಬಂದು ಹೋಗುತ್ತ, ಪ್ರತಿ ಸಲವೂ ಏನನ್ನಾದರೂ ಕಸಿದುಕೊಳ್ಳುತ್ತ, ಕೊನೆಗೆ ಆತನನ್ನು ಗಾಲಿಕುರ್ಚಿಗೆ ತಂದು ನಿಲ್ಲಿಸಿತು. 1848ರಲ್ಲಿ ಡೆಸ್ಟೆ ಮರಣ ಹೊಂದಿದನು.

ಈ ಇಪ್ಪತ್ತೈದು ವರ್ಷಗಳ ಅನುಭವವನ್ನು ಆತನು ದಿನಚರಿಯಲ್ಲಿ ದಾಖಲಿಸಿದ್ದನು. ಪ್ಯಾರಿಸ್ಸಿನ ವೈದ್ಯ ಷಾರ್ಕೋ ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಕರೆಯಲಾಗುವ ನರರೋಗವನ್ನು ಸ್ಪಷ್ಟವಾಗಿ ನಿರೂಪಿಸಿದ್ದು 1868ರಲ್ಲಿ. ಅಂದರೆ ಡೆಸ್ಟೆ ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ. ದಿನಚರಿಯು ವಿದ್ವಾಂಸರ ಗಮನಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುವೆ. ಅದನ್ನು ಓದಿದವರು ಆತನ ವ್ಯಾಧಿಯನ್ನು ಒಡನೆಯೇ ಗುರುತಿಸಿದರು. ದಾಖಲೆಯು ನಿಷ್ಠೆಯದಾಗಿತ್ತು, ಆದರೆ ಅದನ್ನು ಇತರ ದಾಖಲೆಗಳೊಡನೆ ಹೋಲಿಸಿ ನೋಡುವವರು ಆ ಕಾಲದಲ್ಲಿರಲಿಲ್ಲ. ರೋಗಿಯೊಬ್ಬನ ಸತ್ಯವು ಫಲಿಸಬೇಕಾದರೆ ಅದು ಸರಿಯಾದ ಕಿವಿಯನ್ನು ತಲುಪಬೇಕು. ಪಾಲಿ ಮರ್ರೆಯವರ ಬಾಳಿನಲ್ಲಿ ಇದು ತಡವಾಗಿಯಾದರೂ ಸಾಧ್ಯವಾಯಿತು.

ಲೈಮ್ ಎಂಬ ಊರು

ಅಮೆರಿಕದ ಈಶಾನ್ಯ ಭಾಗದ ಕನೆಕ್ಟಿಕಟ್ ರಾಜ್ಯದಲ್ಲಿ, ಅದೇ ಹೆಸರಿನ ನದಿಯು ಸಮುದ್ರವನ್ನು ಸೇರುವ ಎಡೆಯಲ್ಲಿ, ನದಿಯ ಪೂರ್ವದಂಡೆಗೆ ಲೈಮ್ ಮತ್ತು ಓಲ್ಡ್ ಲೈಮ್ ಎಂಬ ಸಣ್ಣ ಊರುಗಳಿವೆ. ಹಿಂದೊಮ್ಮೆ ಇದು ಹೊಲಗದ್ದೆಗಳ ನಾಡು. ಕಾಲಕ್ರಮದಲ್ಲಿ ರೈತರು ಆ ಕಲ್ಲುನೆಲವನ್ನು ತೊರೆದು ಬೇರೆಡೆಗೆ ಹೋದರು. ಬಿಟ್ಟುಹೋದ ಹೊಲಗಳಲ್ಲಿ ಕಾಡು ಮತ್ತೆ ಬೆಳೆಯಿತು. ಕಾಡಿನೊಡನೆ ಜಿಂಕೆಗಳು ಮರಳಿದವು. ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ನಗರದ ಗದ್ದಲದಿಂದ ದೂರವಿರಬಯಸಿದ ಕುಟುಂಬಗಳು ಆ ಕಾಡಿನ ಅಂಚಿನಲ್ಲಿಯೇ ಮನೆ ಕಟ್ಟಿಕೊಂಡವು. ಚಿತ್ರಕಲೆಯಲ್ಲಿ ಆಸಕ್ತಿಯಿದ್ದ ಪಾಲಿ ಮರ್ರೆಯವರು ಪತಿ ಹಾಗೂ ನಾಲ್ವರು ಮಕ್ಕಳೊಡನೆ ಬಾಳಿದ್ದು ಇಂಥ ಮನೆಯಲ್ಲಿ. ಮಕ್ಕಳು ಕಾಡಿನಲ್ಲಿ ಆಡುತ್ತಿದ್ದರು. ಸಾಕುಪ್ರಾಣಿಗಳು ಪೊದೆಗಳಲ್ಲಿ ನುಸುಳಿ ಮನೆಗೆ ಬರುತ್ತಿದ್ದವು.

ಆಕೆಯ ಕಾಯಿಲೆಯ ಮೊದಲ ಲಕ್ಷಣಗಳು 1950ರ ದಶಕದಲ್ಲಿಯೇ ತೋರಿದ್ದವು. ಮುಂದಿನ ಎರಡು ದಶಕಗಳಲ್ಲಿ ಅವು ಬಗೆಬಗೆಯಾಗಿ ಮರುಕಳಿಸಿದವು. ಒಮ್ಮೆ ಜ್ವರ, ಒಮ್ಮೆ ತಲೆನೋವು, ಒಮ್ಮೆ ಚರ್ಮದ ಮೇಲೆ ಕೆಂಪು ದದ್ದು, ಮತ್ತೊಮ್ಮೆ ಮೊಣಕಾಲಿನ ಬಾವು. ಎಲ್ಲದರ ಜೊತೆಗೆ ಹಾಸಿಗೆ ಬಿಡಲಾಗದಷ್ಟು ಆಯಾಸ. ಕೆಲವು ವಾರ ಎಲ್ಲವೂ ಮಾಯವಾಗಿ ಮತ್ತೆ ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಆಕೆ ಒಬ್ಬರ ಬಳಿಕ ಒಬ್ಬರಂತೆ ಅನೇಕ ವೈದ್ಯರನ್ನು ಕಂಡರು. ಚರ್ಮದ ತಜ್ಞರು ಚರ್ಮವನ್ನು ನೋಡಿದರು, ಮೂಳೆಯ ತಜ್ಞರು ಕೀಲನ್ನು ನೋಡಿದರು. ಆನೆಯನ್ನು ಮುಟ್ಟಿದ ಕುರುಡರಂತೆ ಪ್ರತಿಯೊಬ್ಬರಿಗೂ ಒಂದೊಂದು ಅಂಗ ದೊರೆಯಿತು. ಇಡಿಯಾದ ಪ್ರಾಣಿಯು ಯಾರಿಗೂ ಕಾಣಲಿಲ್ಲ. ಪರೀಕ್ಷೆಯ ಫಲಿತಾಂಶಗಳಲ್ಲಿ ನಿಶ್ಚಿತವಾದುದೇನೂ ದೊರೆಯದಿದ್ದಾಗ, ರೋಗದ ಮೂಲವು ಮನಸ್ಸಿನಲ್ಲಿರಬಹುದೆಂಬ ಸೂಚನೆ ಬಂದಿತು. ಕಾಯಿಲೆಯಲ್ಲಿರಬೇಕೆಂಬ ಗುಪ್ತವಾದ ಇಚ್ಛೆಯೇ ಆಕೆಯಲ್ಲಿದೆಯೋ ಏನೋ ಎಂಬ ಮಾತನ್ನೂ ಆಕೆ ಕೇಳಬೇಕಾಯಿತು.

ಇಂಥ ಮಾತು ರೋಗಿಯ ಮೇಲೆ ಮಾಡುವ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಮನೋರೋಗವೂ ರೋಗವೇ, ಅದಕ್ಕೂ ಗೌರವದ ಚಿಕಿತ್ಸೆ ಸಲ್ಲಬೇಕು. ಆದರೆ ಆಧಾರವಿಲ್ಲದೆ ಆ ಹೆಸರನ್ನು ಹಚ್ಚಿದಾಗ ಅನ್ಯಾಯವು ಇಮ್ಮಡಿಯಾಗುತ್ತದೆ. ಹಾಗೆ ಹಚ್ಚಿದ ಬಳಿಕ ರೋಗಿಯು ಹೇಳುವ ಪ್ರತಿ ಹೊಸ ಲಕ್ಷಣವೂ ಆ ಹೆಸರಿಗೇ ಪುಷ್ಟಿಯೊದಗಿಸುತ್ತದೆ. ಹೆಚ್ಚು ಹೇಳಿದಷ್ಟೂ ನಂಬಿಕೆ ಕಡಿಮೆಯಾಗುತ್ತದೆ. ಆಗ ಅನೇಕರು ಮೌನವಾಗುತ್ತಾರೆ. ಕೆಲವರು ಕೋಪಗೊಂಡು ವೈದ್ಯಶಾಸ್ತ್ರವನ್ನೇ ತ್ಯಜಿಸಿ ಮಾಟಮಂತ್ರಗಳ ಕಡೆಗೆ ತಿರುಗುತ್ತಾರೆ. ಪಾಲಿ ಮರ್ರೆಯವರು ಈ ಎರಡನ್ನೂ ಮಾಡಲಿಲ್ಲ.

ಒಂದು ಟಿಪ್ಪಣಿ, ಒಂದು ಪಟ್ಟಿ

ಆಕೆ ಮಾಡಿದ ಕೆಲಸ ಬಹಳ ಸರಳವಾದುದು. ತನಗೂ ಮನೆಯವರಿಗೂ ಬಂದ ಲಕ್ಷಣಗಳನ್ನು ಬರೆದಿಟ್ಟರು. ಯಾರಿಗೆ ಏನಾಯಿತು, ಯಾವಾಗ ಆಯಿತು, ಎಷ್ಟು ಕಾಲ ಉಳಿಯಿತು ಎಂಬುದು ಟಿಪ್ಪಣಿಯಲ್ಲಿ ಸೇರಿತು. ವೈದ್ಯಗ್ರಂಥಗಳನ್ನು ಹುಡುಕಿ ಓದಿದರು. ಲಕ್ಷಣಗಳಿಗೆ ತಾನೇ ಒಂದು ಹೆಸರಿಡುವ ಆತುರವನ್ನು ತೋರಲಿಲ್ಲ. ಇದು ಇಂಥದೇ ರೋಗವೆಂದು ಸಾಧಿಸುವುದು ಆಕೆಯ ಗುರಿಯಾಗಿರಲಿಲ್ಲ. ಇದು ಏನೆಂದು ಯಾರಾದರೂ ಶೋಧಿಸಬೇಕೆಂಬುದಷ್ಟೇ ಆಕೆಯ ಬೇಡಿಕೆ. ಆತ್ಮವಿಶ್ವಾಸಕ್ಕೂ ಹಟಕ್ಕೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ.

1975ರಲ್ಲಿ ಸಂಕಟವು ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ಆಕೆಯ ಇಬ್ಬರು ಗಂಡುಮಕ್ಕಳ ಮೊಣಕಾಲುಗಳು ಊದಿಕೊಂಡವು. ಅದು ಮಕ್ಕಳಲ್ಲಿ ಕಾಣುವ ಸಂಧಿವಾತವೆಂಬ ನಿರ್ಣಯ ಬಂದಿತು. ಆ ಸಂಧಿವಾತವು ಅಪರೂಪದ್ದು, ಒಬ್ಬರಿಂದೊಬ್ಬರಿಗೆ ಹರಡದು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಅದು ಬರುವುದೇ ವಿಚಿತ್ರ. ನೆರೆಯ ಮನೆಗಳಲ್ಲಿಯೂ ಇಂಥ ಮಕ್ಕಳಿರುವುದನ್ನು ಆಕೆ ಗಮನಿಸಿದರು. ತನ್ನ ಮಾತನ್ನು ಕಲ್ಪನೆಯೆಂದು ತಳ್ಳಿಹಾಕಬಹುದು. ಊರಿನ ಮಕ್ಕಳ ಊದಿದ ಮೊಣಕಾಲುಗಳನ್ನು ಹಾಗೆ ತಳ್ಳಿಹಾಕಲಾಗದು. ಅದೇ ವರ್ಷದ ಅಕ್ಟೋಬರಿನಲ್ಲಿ ಆಕೆ ರಾಜ್ಯದ ಆರೋಗ್ಯ ಇಲಾಖೆಗೆ ದೂರವಾಣಿ ಮಾಡಿ ವಿಷಯವನ್ನು ವರದಿ ಮಾಡಿದರು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಓಲ್ಡ್ ಲೈಮಿನ ಮತ್ತೊಬ್ಬ ತಾಯಿಯೂ ತನ್ನ ಮಗಳ ಕಾಯಿಲೆಯ ಬಗೆಗೆ, ನೆರೆಹೊರೆಯ ಮಕ್ಕಳ ಬಗೆಗೆ ಸ್ವತಂತ್ರವಾಗಿ ಅದೇ ಇಲಾಖೆಗೆ ತಿಳಿಸಿದರು. ಎರಡು ಸಾಕ್ಷ್ಯಗಳು ಒಂದನ್ನೊಂದು ಬಲಪಡಿಸಿದವು.

ಇಲಾಖೆಯಲ್ಲಿದ್ದ ಡಾ. ಡೇವಿಡ್ ಸ್ನೈಡ್‌ಮನ್ ಈ ಕರೆಗಳನ್ನು ಕಡೆಗಣಿಸಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಧಿರೋಗಗಳ ತರಬೇತಿ ಪಡೆಯುತ್ತಿದ್ದ ತರುಣ ವೈದ್ಯ ಡಾ. ಆಲನ್ ಸ್ಟೀರ್ ಅವರಿಗೆ ಅವರು ಸುದ್ದಿ ಮುಟ್ಟಿಸಿದರು. ಸ್ಟೀರ್ ಅದಕ್ಕೆ ಮೊದಲು ಸಾಂಕ್ರಾಮಿಕ ರೋಗಗಳ ಪತ್ತೆಯ ಕಾರ್ಯದಲ್ಲಿ ಪರಿಣತಿ ಗಳಿಸಿದ್ದವರು. ಹೀಗೆ ಕೀಲುಗಳ ವಿದ್ಯೆಯೂ ಸೋಂಕುಗಳ ವಿದ್ಯೆಯೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದುದು ಒಂದು ಸುಯೋಗ. 1975ರ ನವೆಂಬರಿನಲ್ಲಿ ಪಾಲಿ ಮರ್ರೆಯವರು ಅವರನ್ನು ಕಂಡಾಗ ತನ್ನ ಟಿಪ್ಪಣಿಗಳನ್ನೂ, ಅದೇ ಬಗೆಯ ಲಕ್ಷಣಗಳಿದ್ದ ಇತರರ ಹೆಸರಿನ ಪಟ್ಟಿಯನ್ನೂ ಒಯ್ದಿದ್ದರು. ಸ್ಟೀರ್ ಅದನ್ನು ಪೂರ್ತಿಯಾಗಿ ಆಲಿಸಿದರು. ಇಪ್ಪತ್ತು ವರ್ಷಗಳಲ್ಲಿ ಆಕೆಗೆ ದೊರೆಯದಿದ್ದುದು ಅಂದು ದೊರೆಯಿತು.

ಪಟ್ಟಿಯಿಂದ ಪ್ರಮಾಣಕ್ಕೆ

ಮುಂದಿನದು ವೈದ್ಯರ ಕೆಲಸ. ಲೈಮ್, ಓಲ್ಡ್ ಲೈಮ್ ಹಾಗೂ ನೆರೆಯ ಈಸ್ಟ್ ಹ್ಯಾಡಮ್ ಎಂಬ ಮೂರು ಊರುಗಳಲ್ಲಿ ವಿಚಾರಣೆ ನಡೆಯಿತು. 39 ಮಕ್ಕಳು, 12 ವಯಸ್ಕರು, ಹೀಗೆ 51 ಮಂದಿ ರೋಗಿಗಳು ದೊರೆತರು. ಮೂರು ಊರುಗಳ ಒಟ್ಟು ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು 4 ಜನರಿಗೆ ಈ ಕಾಯಿಲೆಯಿತ್ತು. ಆದರೆ ನಾಲ್ಕು ನಿರ್ದಿಷ್ಟ ರಸ್ತೆಗಳ ಮಕ್ಕಳಲ್ಲಿ ಹತ್ತಕ್ಕೊಬ್ಬರು ಅದಕ್ಕೆ ತುತ್ತಾಗಿದ್ದರು. ಆ ರಸ್ತೆಗಳು ಊರಿನ ನಡುವಿನವಲ್ಲ, ಕಾಡಿನ ನಡುವಿನವು. ಹೆಚ್ಚಿನವರಿಗೆ ಕಾಯಿಲೆ ಆರಂಭವಾದದ್ದು ಬೇಸಗೆಯಲ್ಲಿ ಅಥವಾ ಅದರ ಮುಂದಿನ ತಿಂಗಳುಗಳಲ್ಲಿ. ಒಂದೇ ಮನೆಯಲ್ಲಿ ಹಲವರಿಗೆ ಬಂದಿದ್ದಾಗಲೂ ಅದು ಬೇರೆ ಬೇರೆ ವರ್ಷಗಳಲ್ಲಿ ಬಂದಿತ್ತು; ಆದುದರಿಂದ ಒಬ್ಬರಿಂದೊಬ್ಬರಿಗೆ ಅಂಟಿದ್ದೆನ್ನಲು ಆಧಾರವಿರಲಿಲ್ಲ. ನಾಲ್ವರಲ್ಲಿ ಒಬ್ಬರು, ಕೀಲುನೋವಿಗೆ ಮೊದಲು ಚರ್ಮದ ಮೇಲೆ ಉಂಗುರದಂತೆ ಹಿಗ್ಗುತ್ತ ಹೋದ ಕೆಂಪು ಕಲೆಯನ್ನು ನೆನಪಿಸಿಕೊಂಡರು.

ಆ ಕಲೆಯೇ ಬೀಗದ ಕೈಯಾಯಿತು. ಸ್ವೀಡನ್ನಿನ ವೈದ್ಯ ಆರ್ವಿಡ್ ಆಫ್ಜೆಲಿಯಸ್ 1909ರಲ್ಲಿಯೇ ಇಂಥ ಕಲೆಯನ್ನು ವರ್ಣಿಸಿ, ಉಣ್ಣೆಯ ಕಡಿತದೊಡನೆ ಅದನ್ನು ಸಂಬಂಧಿಸಿದ್ದರು. ಯೂರೋಪಿನ ಚರ್ಮವೈದ್ಯರು ಬಹುಕಾಲದಿಂದ ಬಲ್ಲ ಸಂಗತಿಯು ಅಮೆರಿಕದ ಕೀಲುವೈದ್ಯರಿಗೆ ತಿಳಿದಿರಲಿಲ್ಲ. ಸ್ಟೀರ್ ಮತ್ತು ಸಂಗಡಿಗರ ವರದಿಯು 1977ರಲ್ಲಿ ಪ್ರಕಟವಾಯಿತು. ಇದು ಈವರೆಗೆ ಗುರುತಿಸದಿದ್ದ ರೋಗವೆಂದೂ ಯಾವುದೋ ಕೀಟಜಾತಿಯ ಜೀವಿಯಿಂದ ಹರಡುವಂತಿದೆಯೆಂದೂ ಅದು ಹೇಳಿತು. ಮೊದಲು ಲೈಮ್ ಸಂಧಿವಾತವೆಂದೂ, ಹೃದಯ ಮತ್ತು ನರಗಳಿಗೂ ಅದು ತಟ್ಟುವುದು ತಿಳಿದ ಬಳಿಕ ಲೈಮ್ ರೋಗವೆಂದೂ ಅದಕ್ಕೆ ಹೆಸರಾಯಿತು.

ಅಪರಾಧಿಯು ಜಿಂಕೆಯ ಮೈಮೇಲೆ ಬಾಳುವ ಒಂದು ಬಗೆಯ ಉಣ್ಣೆ. ಅದರ ಮರಿಯು ಗಸಗಸೆ ಕಾಳಿನಷ್ಟು ಚಿಕ್ಕದು, ಕಚ್ಚಿದಾಗ ನೋವಾಗುವುದಿಲ್ಲ. ಮರಿಯಾಗಿದ್ದಾಗ ಅದು ಕಾಡಿಲಿಗಳ ರಕ್ತ ಹೀರಿ ಸೋಂಕನ್ನು ಪಡೆದು, ಮುಂದಿನ ಹಂತದಲ್ಲಿ ಮನುಷ್ಯನಿಗೆ ದಾಟಿಸುತ್ತದೆ. ಕಚ್ಚಿದ್ದೇ ತಿಳಿಯದ ರೋಗಿಯು ವೈದ್ಯನಿಗೆ ಏನೆಂದು ಹೇಳಬೇಕು? ಮೊಂಟಾನಾ ರಾಜ್ಯದ ಪ್ರಯೋಗಾಲಯದಲ್ಲಿ ಉಣ್ಣೆಗಳ ಅಧ್ಯಯನಕ್ಕೇ ಬಾಳನ್ನು ಮುಡಿಪಾಗಿಟ್ಟಿದ್ದ, ಸ್ವಿಟ್ಜರ್ಲೆಂಡ್ ಮೂಲದ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ 1981ರಲ್ಲಿ ನ್ಯೂಯಾರ್ಕ್ ರಾಜ್ಯದ ಷೆಲ್ಟರ್ ದ್ವೀಪದಿಂದ ತಂದ ಉಣ್ಣೆಗಳ ಕರುಳಿನಲ್ಲಿ ಸುರುಳಿಯಾಕಾರದ ಸೂಕ್ಷ್ಮಾಣುವನ್ನು ಕಂಡರು. 1982ರಲ್ಲಿ ಆ ಶೋಧವು ಪ್ರಕಟವಾಯಿತು. ಮರುವರ್ಷ ರೋಗಿಗಳ ದೇಹದಿಂದಲೂ ಅದೇ ಸೂಕ್ಷ್ಮಾಣುವನ್ನು ಬೇರ್ಪಡಿಸಲಾಯಿತು. 1984ರಲ್ಲಿ ಅದಕ್ಕೆ ಬೊರೇಲಿಯ ಬರ್ಗ್‌ಡಾರ್ಫೆರಿ ಎಂಬ ಹೆಸರು ಬಂದಿತು. ಬೇಗನೆ ಗುರುತಿಸಿದರೆ ಕೆಲವು ವಾರಗಳ ಆಂಟಿಬಯಾಟಿಕ್ ಔಷಧಿಯಿಂದ ಬಹುತೇಕ ರೋಗಿಗಳು ಗುಣಹೊಂದುವರು.

ರೋಗವು ಹೊಸದಾಗಿ ಹುಟ್ಟಿದ್ದೇನೂ ಅಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, 5,000 ವರ್ಷಗಳಿಗೂ ಹಿಂದಿನ ಮನುಷ್ಯನ ದೇಹದಲ್ಲಿ ಈ ಸೂಕ್ಷ್ಮಾಣುವಿನ ಕುರುಹು ಇದೆಯೆಂದು 2012ರಲ್ಲಿ ಸಂಶೋಧಕರು ವರದಿ ಮಾಡಿದರು. ಅಮೆರಿಕದಲ್ಲಿ ಈಗ ವರ್ಷಕ್ಕೆ ಸುಮಾರು 4,76,000 ಜನರು ಲೈಮ್ ರೋಗಕ್ಕಾಗಿ ಚಿಕಿತ್ಸೆ ಪಡೆಯುತ್ತಾರೆಂದು ಅಲ್ಲಿನ ಆರೋಗ್ಯ ಸಂಸ್ಥೆಯು 2010ರಿಂದ 2018ರವರೆಗಿನ ಮಾಹಿತಿಯಿಂದ ಅಂದಾಜು ಮಾಡಿದೆ.

ಕರ್ನಾಟಕದ ಓದುಗರಿಗೆ ಉಣ್ಣೆಯಿಂದ ಹರಡುವ ರೋಗವು ಅಪರಿಚಿತವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ಉಣ್ಣೆಗಳ ಮೂಲಕವೇ ಬರುತ್ತದೆ. ಅದು ವೈರಸ್ಸಿನ ರೋಗ, ಲೈಮ್ ರೋಗಕ್ಕೆ ಬೇರೆಯಾದುದು. ಆದರೆ ಅಲ್ಲಿಯೂ ಶೋಧಕ್ಕೆ ದಾರಿ ತೋರಿದ್ದು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದ ಸುದ್ದಿ ಮತ್ತು ಅದೇ ಕಾಲಕ್ಕೆ ಹಳ್ಳಿಗರಲ್ಲಿ ಕಾಣಿಸಿಕೊಂಡ ಜ್ವರ. ರೋಗದ ನಡುವೆ ಬಾಳುವವರ ಕಣ್ಣಿಗೆ ಬೀಳುವ ಸಂಗತಿಗಳು ಎಷ್ಟೋ ವೇಳೆ ಪ್ರಯೋಗಾಲಯಕ್ಕಿಂತ ಮುಂದಿರುತ್ತವೆ.

ಆತ್ಮವಿಶ್ವಾಸದ ಮಿತಿ ಮತ್ತು ಮರ್ಯಾದೆ

ಈ ಇತಿಹಾಸಕ್ಕೆ ಮತ್ತೊಂದು ಮುಖವುಂಟು. ಲೈಮ್ ರೋಗವು ಪ್ರಸಿದ್ಧವಾದ ಬಳಿಕ, ಕಾರಣ ತಿಳಿಯದ ಆಯಾಸ ಮತ್ತು ನೋವುಗಳಿಂದ ಬಳಲುವ ಅನೇಕರು ತಮಗೂ ಅದೇ ರೋಗವಿದೆಯೆಂದು ದೃಢವಾಗಿ ನಂಬಿದರು. ಚಿಕಿತ್ಸೆಯ ಮೇಲೂ ಕೆಲವರಲ್ಲಿ ನೋವು ಉಳಿಯುವುದುಂಟು. ಅದು ನಿಜವಾದ ಸಂಕಟವೇ. ಇಂಥವರಿಗೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡಬೇಕೆಂಬ ಪಂಥವೊಂದು ಬೆಳೆಯಿತು. 2001ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗವೊಂದು, ಆ ದೀರ್ಘ ಚಿಕಿತ್ಸೆಯು ಔಷಧವಿಲ್ಲದ ಹುಸಿಗುಳಿಗೆಗಿಂತ ಹೆಚ್ಚಿನ ಪ್ರಯೋಜನ ನೀಡಲಿಲ್ಲವೆಂದು ತೋರಿಸಿತು. ಆದರೂ ವಿವಾದವು ಶಮನವಾಗಲಿಲ್ಲ. ಒಂದು ಕಾಲಕ್ಕೆ ರೋಗಿಗಳ ಮಾತನ್ನು ಆಲಿಸಿ ಕೀರ್ತಿ ಪಡೆದ ಸ್ಟೀರ್ ಅವರೇ, ಎಲ್ಲ ನೋವಿಗೂ ಲೈಮ್ ರೋಗವೇ ಕಾರಣವಲ್ಲವೆಂದು ಹೇಳಿದ್ದಕ್ಕಾಗಿ ರೋಗಿಗಳ ಗುಂಪುಗಳಿಂದ ತೀವ್ರ ವಿರೋಧವನ್ನು ಎದುರಿಸಬೇಕಾಯಿತು.

ಇಲ್ಲಿ ಒಂದು ನೈತಿಕ ವಿವೇಚನೆ ಅಗತ್ಯವಾಗುತ್ತದೆ. ತನಗೆ ನೋವಿದೆಯೆಂಬ ವಿಷಯದಲ್ಲಿ ರೋಗಿಯ ಮಾತೇ ಪ್ರಮಾಣ. ಅದನ್ನು ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ. ಆ ನೋವಿಗೆ ಕಾರಣವೇನೆಂಬುದು ಬೇರೆಯ ಪ್ರಶ್ನೆ. ಅದಕ್ಕೆ ಪರೀಕ್ಷೆಯೂ ತುಲನೆಯೂ ಬೇಕು. ಅನುಭವದ ಪ್ರಾಮಾಣ್ಯವನ್ನು ಕಾರಣಕ್ಕೂ ವಿಸ್ತರಿಸಿದರೆ ರೋಗಿ ತಪ್ಪುತ್ತಾನೆ. ಕಾರಣ ತಿಳಿಯಲಿಲ್ಲವೆಂದು ಅನುಭವವನ್ನೇ ನಿರಾಕರಿಸಿದರೆ ವೈದ್ಯನು ತಪ್ಪುತ್ತಾನೆ. ಪಾಲಿ ಮರ್ರೆಯವರು ಮೊದಲನೆಯ ತಪ್ಪನ್ನು ಮಾಡಲಿಲ್ಲ. ಎರಡನೆಯ ತಪ್ಪನ್ನು ಅನೇಕ ವರ್ಷ ಸಹಿಸಿಯೂ, ವೈದ್ಯವಿದ್ಯೆಯಲ್ಲಿ ಭರವಸೆ ಬಿಡಲಿಲ್ಲ. ಒಬ್ಬ ವೈದ್ಯರು ಆಲಿಸದಿದ್ದರೆ ಮತ್ತೊಬ್ಬರು ಆಲಿಸಬಹುದೆಂಬ ಭಾವವು ಆಕೆಯಲ್ಲಿ ಉಳಿದಿತ್ತು.

ಆಕೆಯ ನಡೆಯಿಂದ ದೀರ್ಘಕಾಲ ರೋಗನಿರ್ಣಯಕ್ಕಾಗಿ ಕಾಯುವವರಿಗೆ ದೊರೆಯುವ ಪಾಠಗಳು ಸ್ಪಷ್ಟವಾಗಿವೆ. ಲಕ್ಷಣಗಳನ್ನು ಕಂಡ ದಿನವೇ ತಾರೀಖಿನೊಡನೆ ಬರೆದಿಡಬೇಕು; ತಿಂಗಳು ಕಳೆದ ಮೇಲಿನ ನೆನಪಿನಲ್ಲಿ ಭಯವೂ ಬೆರೆಯುತ್ತದೆ. ಬರೆಯುವಾಗ ಹೆಚ್ಚಿಸಬಾರದು, ಸಂಕೋಚದಿಂದ ಕಡಿಮೆಮಾಡಲೂಬಾರದು. ಪರೀಕ್ಷೆಗಳ ಫಲಿತಾಂಶಗಳನ್ನು ತಾನೇ ಜೋಪಾನವಾಗಿಟ್ಟುಕೊಂಡು ಪ್ರತಿ ವೈದ್ಯರಿಗೂ ತೋರಿಸಬೇಕು. ಹಾಗಾದಾಗ ಬಿಡಿಬಿಡಿಯಾಗಿ ಕಂಡ ಅಂಗಗಳು ಒಂದೆಡೆ ಕೂಡುವ ಸಂಭವವಿದೆ. ಇನ್ನೇನು ಆಗಿರಬಹುದು ಎಂದು ವಿನಯದಿಂದ ಕೇಳುವುದು ಅವಿಧೇಯತೆಯಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲನ್ನು ತಟ್ಟುವುದು ದ್ರೋಹವೂ ಅಲ್ಲ. ಮನೆಯವರಿಗೂ ಇದರಲ್ಲಿ ಪಾಲುಂಟು. ಎದ್ದು ಓಡಾಡಿದರೆ ಎಲ್ಲ ಸರಿಹೋಗುತ್ತದೆಂಬ ಉಪದೇಶವನ್ನು ಬದಿಗಿಟ್ಟು, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ ತಾವು ಕಂಡದ್ದನ್ನು ಸಾಕ್ಷಿಯಾಗಿ ಹೇಳಿದರೆ ರೋಗಿಗೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ. ಗೃಹಿಣಿಯರ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಮನೆಯವರೆಲ್ಲರ ಊಟೋಪಚಾರ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಾತ್ರ ತಮ್ಮ ನೋವನ್ನು ನೆನೆಯುವುದು ಅವರಿಗೆ ರೂಢಿಯಾಗಿಬಿಟ್ಟಿರುತ್ತದೆ.

ಪಾಲಿ ಮರ್ರೆಯವರು ತಮ್ಮ ಅನುಭವವನ್ನು 1996ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದರು. 'ದಿ ವೈಡನಿಂಗ್ ಸರ್ಕಲ್' ಎಂಬುದು ಅದರ ಹೆಸರು. ಹಿಗ್ಗುತ್ತಿರುವ ವೃತ್ತವೆಂದು ಅದರ ಅರ್ಥ. ಚರ್ಮದ ಮೇಲಿನ ಕೆಂಪು ಉಂಗುರಕ್ಕೂ, ಒಂದು ಮನೆಯಿಂದ ಊರಿಗೆ, ಊರಿನಿಂದ ಲೋಕಕ್ಕೆ ವಿಸ್ತರಿಸಿದ ತಿಳಿವಿಗೂ ಆ ಹೆಸರು ಒಪ್ಪುತ್ತದೆ. 2019ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ ಆಕೆ ನಿಧನ ಹೊಂದಿದರು. ರೋಗಕ್ಕೆ ಊರಿನ ಹೆಸರು ಉಳಿಯಿತು, ಸೂಕ್ಷ್ಮಾಣುವಿಗೆ ವಿಜ್ಞಾನಿಯ ಹೆಸರು ಉಳಿಯಿತು. ಆಕೆಯ ಹೆಸರು ಯಾವುದಕ್ಕೂ ಇಲ್ಲ. ಆದರೆ ಕಾಡಿನಂಚಿನ ಊರುಗಳಲ್ಲಿ ಮಗುವಿನ ಮೈಮೇಲೆ ಕೆಂಪು ಉಂಗುರವನ್ನು ಕಂಡ ತಾಯಿಯೊಬ್ಬಳು ಇಂದು ವೈದ್ಯರ ಬಳಿಗೆ ಹೋದರೆ, ಆ ವೈದ್ಯರು ಮೊದಲು ಉಣ್ಣೆಯ ವಿಷಯವನ್ನೇ ಕೇಳುತ್ತಾರೆ. ಆ ಪ್ರಶ್ನೆಯ ಹಿಂದೆ ಇಪ್ಪತ್ತು ವರ್ಷಗಳ ಆಕೆಯ ತಾಳ್ಮೆಯಿದೆ.